ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ವಿಮಾನಯಾನ ದೂರ

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ವಿಮಾನಯಾನ ದೂರವು ಕರ್ನಾಟಕದ ರಾಜಧಾನಿ ಬೆಂಗಳೂರು ಮತ್ತು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೋ ನಗರಗಳ ವಿಮಾನ ನಿಲ್ದಾಣಗಳ ನಡುವಿನ ಅತಿ ಕಡಿಮೆ ವಾಯುಮಾರ್ಗದ ಅಂತರವಾಗಿದೆ. ಇದು ಸುಮಾರು 14,000 ಕಿ.ಮೀ., ಅಂದರೆ ಸುಮಾರು 7,550 ನಾಟಿಕಲ್ ಮೈಲಿಗಳಷ್ಟಿದೆ. ಭೂಮಿಯ ಮೇಲಿನ ಯಾವುದೇ ಎರಡು ಸ್ಥಳಗಳ ನಡುವಿನ ಗರಿಷ್ಠ ಅಂತರ ಸುಮಾರು 20,000 ಕಿ.ಮೀ. ಮಾತ್ರ. ಆದ್ದರಿಂದ ಇದು ಜಗತ್ತಿನ ಅತಿ ದೀರ್ಘ ವಾಯುಮಾರ್ಗಗಳ ಸಾಲಿಗೆ ಸೇರುತ್ತದೆ.

ಲೆಕ್ಕಾಚಾರ

ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಕನಿಷ್ಠ ದೂರವು ಮಹಾವೃತ್ತದ ಕಂಸವಾಗಿರುತ್ತದೆ. ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಹೊಂದಿರುವ ವೃತ್ತಕ್ಕೆ ಮಹಾವೃತ್ತ ಎನ್ನುತ್ತಾರೆ. ಬೆಂಗಳೂರಿನ ವಿಮಾನ ನಿಲ್ದಾಣವು ಸುಮಾರು 13.2° ಉತ್ತರ ಅಕ್ಷಾಂಶ, 77.7° ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣವು ಸುಮಾರು 37.6° ಉತ್ತರ ಅಕ್ಷಾಂಶ, 122.4° ಪಶ್ಚಿಮ ರೇಖಾಂಶದಲ್ಲಿದೆ. ಇವು ಭೂಕೇಂದ್ರದಲ್ಲಿ ಉಂಟುಮಾಡುವ ಕೋನ ಸುಮಾರು 125.8°. ಒಂದು ಡಿಗ್ರಿಗೆ ಸುಮಾರು 111.2 ಕಿ.ಮೀ. ಎಂದು ಗುಣಿಸಿದಾಗ ಮೇಲಿನ ದೂರ ದೊರೆಯುತ್ತದೆ.

ಮಾರ್ಗ

ಸಮತಟ್ಟಾದ ಭೂಪಟದಲ್ಲಿ ಈ ನಗರಗಳ ನಡುವೆ ಪೆಸಿಫಿಕ್ ಸಾಗರದ ಮೇಲೆ ಎಳೆದ ನೇರ ಗೆರೆಯೇ ಹತ್ತಿರದ ದಾರಿಯೆಂದು ತೋರುತ್ತದೆ. ವಾಸ್ತವದಲ್ಲಿ ಕನಿಷ್ಠ ದೂರದ ರೇಖೆಯು ಅಲಾಸ್ಕ, ಪೂರ್ವ ಸೈಬೀರಿಯ, ಪಶ್ಚಿಮ ಮಂಗೋಲಿಯ, ಟಿಬೆಟ್ ಮತ್ತು ನೇಪಾಳಗಳ ಮೇಲೆ ಸಾಗಿ, ಸುಮಾರು 71° ಉತ್ತರ ಅಕ್ಷಾಂಶದವರೆಗೆ ಏರುತ್ತದೆ.

ವಿಮಾನಗಳು ಈ ರೇಖೆಯನ್ನೇ ಅನುಸರಿಸುವುದಿಲ್ಲ. ಕ್ಯಾಬಿನ್ನಿನ ವಾಯುಒತ್ತಡ ಕುಸಿದರೆ ವಿಮಾನವು ಕೂಡಲೇ ಕೆಳಗಿಳಿಯಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಎತ್ತರ ಇದಕ್ಕೆ ಅಡ್ಡಿಯಾಗುವುದರಿಂದ ಸಾಮಾನ್ಯವಾಗಿ ಆ ಪ್ರದೇಶವನ್ನು ಬಳಸಿಕೊಂಡು ಹೋಗುತ್ತಾರೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹವೂ ಮಾರ್ಗದ ಆಯ್ಕೆಯನ್ನು ನಿರ್ಧರಿಸುತ್ತದೆ. ಪೆಸಿಫಿಕ್ ಮೇಲೆ ಅಮೆರಿಕದತ್ತ ಸಾಗುವಾಗ ಅದು ನೆರವಾದರೆ, ಭಾರತದತ್ತ ಬರುವಾಗ ಎದುರುಗಾಳಿಯಾಗಿ ಇಂಧನದ ಖರ್ಚನ್ನು ಹೆಚ್ಚಿಸುತ್ತದೆ. ಉತ್ತರ ಧ್ರುವದ ಮಾರ್ಗದಿಂದ ಇದನ್ನು ತಪ್ಪಿಸಬಹುದು. ಆದರೆ ಅಲ್ಲಿ ತುರ್ತಾಗಿ ಇಳಿಯಲು ನಿಲ್ದಾಣಗಳು ವಿರಳ, ಕಾಂತೀಯ ದಿಕ್ಸೂಚಿ ವಿಶ್ವಾಸಾರ್ಹವಲ್ಲ. ಜೆಟ್ ಎ-1 ಇಂಧನದ ಘನೀಭವನ ಮಿತಿ −47° ಸೆಲ್ಸಿಯಸ್ ಆಗಿರುವುದರಿಂದ ಇಂಧನದ ಉಷ್ಣತೆಯ ಮೇಲೆಯೂ ನಿಗಾ ಇಡಬೇಕಾಗುತ್ತದೆ.

2021ರ ಹಾರಾಟ

ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್ ವಿಮಾನವು 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವ ಪ್ರದೇಶದ ಮಾರ್ಗವಾಗಿ ಜನವರಿ 11ರ ನಸುಕಿನಲ್ಲಿ ಬೆಂಗಳೂರನ್ನು ತಲುಪಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಈ ಹಾರಾಟದಲ್ಲಿ ಪೈಲಟ್‌ಗಳೆಲ್ಲರೂ ಮಹಿಳೆಯರಾಗಿದ್ದರು. ಪ್ರಯಾಣಕ್ಕೆ ತಗುಲಿದ್ದು ಸುಮಾರು 17 ಗಂಟೆ ಮಾತ್ರ. ಚಳಿಗಾಲದಲ್ಲಿ ಬೆಂಗಳೂರಿನ ಗಡಿಯಾರವು ಸ್ಯಾನ್ ಫ್ರಾನ್ಸಿಸ್ಕೋಗಿಂತ 13 ಗಂಟೆ 30 ನಿಮಿಷ ಮುಂದಿರುವುದರಿಂದ ದಿನಾಂಕದಲ್ಲಿ ಎರಡು ದಿನಗಳ ವ್ಯತ್ಯಾಸ ಕಾಣುತ್ತದೆ.