ಯಾರಿವರು ಬಿ. ದಯಾನಂದ? ಗುಪ್ತಚರ ಮುಖ್ಯಸ್ಥರ ಹುದ್ದೆಯಿಂದ ಅಮಾನತಿನವರೆಗೆ

ನವಲಗುಂದದಲ್ಲಿ ಮಹದಾಯಿ ಸಭೆ ಇರಲಿ, ಕುಂದಗೋಳದಲ್ಲಿ ಬೆಳೆವಿಮೆ ಧರಣಿ ಇರಲಿ, ಜನರ ನಡುವೆ ಮಫ್ತಿ ಪೊಲೀಸರು ಇದ್ದೇ ಇರ್ತಾರೆ. ಎಷ್ಟು ಜನ ಸೇರಬಹುದು, ಗಲಾಟೆ ಆಗುತ್ತಾ ಅನ್ನೋದನ್ನ ಮೊದಲೇ ತಿಳಿಸೋದು ಅವರ ಕೆಲಸ. ಇಂಥ ಮಾಹಿತಿ ಒಟ್ಟುಗೂಡಿಸಿ ಸರ್ಕಾರಕ್ಕೆ ಮುಟ್ಟಿಸೋದು ರಾಜ್ಯ ಗುಪ್ತಚರ ವಿಭಾಗ. ಹಿರಿಯ ಐಪಿಎಸ್ ಅಧಿಕಾರಿ ಅದರ ಮುಖ್ಯಸ್ಥರು. ಬಿ. ದಯಾನಂದ ಆ ಹುದ್ದೆಯಲ್ಲಿದ್ದವರು.

ಸೇವೆ

ದಯಾನಂದ 1994ರ ಬ್ಯಾಚಿನ ಐಪಿಎಸ್ ಅಧಿಕಾರಿ, ಕರ್ನಾಟಕ ಕೇಡರ್. ಬೆಂಗಳೂರು ಸಂಚಾರ ಪೊಲೀಸ್ ವಿಭಾಗದಲ್ಲೂ ಕೆಲಸ ಮಾಡಿದ್ದರು. ಗುಪ್ತಚರ ಎಡಿಜಿಪಿ ಆಗಿದ್ದ ಅವರನ್ನು 2023ರಲ್ಲಿ ಸರ್ಕಾರ ಬದಲಾದ ಮೇಲೆ ಬೆಂಗಳೂರು ನಗರ ಪೊಲೀಸ್ ಆಯುಕ್ತರನ್ನಾಗಿ ನೇಮಿಸಲಾಯಿತು.

ಕಾಲ್ತುಳಿತ, ಅಮಾನತು

2025ರ ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಿತು. ಮರುದಿನವೇ ವಿಜಯೋತ್ಸವ. ಸುಮಾರು 35 ಸಾವಿರ ಜನ ಹಿಡಿಯೋ ಚಿನ್ನಸ್ವಾಮಿ ಕ್ರೀಡಾಂಗಣದ ಕಡೆ ಲಕ್ಷಾಂತರ ಜನ ನುಗ್ಗಿದರು. ಕಾಲ್ತುಳಿತದಲ್ಲಿ 11 ಮಂದಿ ಸತ್ತರು.

ಜೂನ್ 5ರ ರಾತ್ರಿ ದಯಾನಂದ ಸೇರಿ ಐವರು ಪೊಲೀಸ್ ಅಧಿಕಾರಿಗಳ ಅಮಾನತು ಆಯಿತು. ಮರುದಿನ ಆಗಿನ ಗುಪ್ತಚರ ಮುಖ್ಯಸ್ಥ ಹೇಮಂತ್ ನಿಂಬಾಳ್ಕರ್ ವರ್ಗವಾದರು. ಪೊಲೀಸರನ್ನ ಬಲಿಪಶು ಮಾಡಿದರು ಅನ್ನೋ ಆಕ್ರೋಶವೂ ಎದ್ದಿತು. ಅಮಾನತಾಗಿದ್ದ ಇನ್ನೊಬ್ಬ ಅಧಿಕಾರಿ ವಿಕಾಸ್ ಕುಮಾರ್ ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋದರು. ಜುಲೈ 1ರಂದು ಮಂಡಳಿ ಅವರ ಅಮಾನತು ರದ್ದು ಮಾಡಿತು. ಜುಲೈ ಕೊನೆಗೆ ಸರ್ಕಾರ ದಯಾನಂದ ಅವರ ಅಮಾನತನ್ನೂ ವಾಪಸ್ ಪಡೆಯಿತು.

ನಮ್ಮ ಭಾಗಕ್ಕೇನು ಸಂಬಂಧ?

ಮುನ್ಸೂಚನೆಯ ಬೆಲೆ ಏನು ಅಂತ ನವಲಗುಂದಕ್ಕೆ ಗೊತ್ತು. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ 7.56 ಟಿಎಂಸಿ ನೀರಿನ ಮಧ್ಯಂತರ ಅರ್ಜಿ ತಿರಸ್ಕರಿಸಿತು. ಸಿಟ್ಟು ಹಿಂಸೆಗೆ ತಿರುಗಿತು. ಆಮೇಲೆ ಯಮನೂರಿನಲ್ಲಿ ಪೊಲೀಸರು ಹೆಂಗಸರು, ಮುದುಕರು ಅನ್ನದೆ ಲಾಠಿ ಬೀಸಿದರು. ತೀರ್ಪಿನ ದಿನ ಜನ ಹೇಗೆ ನಡ್ಕೊಳ್ತಾರೆ, ಎಷ್ಟು ಪೊಲೀಸರು ಬೇಕು, ಯಾರ ಜೊತೆ ಮೊದಲೇ ಮಾತಾಡಬೇಕು ಅನ್ನೋದು ಇದೇ ವಿಭಾಗದ ವರದಿಯಿಂದ ತಿಳಿಯಬೇಕಾದದ್ದು. ಆದರೆ ವರದಿ ಬಂದರಷ್ಟೇ ಸಾಲದು. ಅದನ್ನ ಓದಿ ಕ್ರಮ ತಗೊಳ್ಳೋದು ಸರ್ಕಾರದ ಕೆಲಸ.