ಫೋನ್ ತಂತಿ ಒಂದು, ನೆಟ್ ಕೊಡೋರು ಎಷ್ಟು ಮಂದಿ?

(1)
ಮೊದಲ ಫೋಟೋದಾಗ ಗ್ವಾಡಿ ಮ್ಯಾಲೆ ಕಾಣೋ ಆ ಸಣ್ಣ ಡಬ್ಬಿ ಏನಂತ ಗುರುತು ಸಿಕ್ತೇನು? ಸುಣ್ಣ ಹಚ್ಚುವಾಗ ಅದಕ್ಕೂ ಸೇರಿಸಿ ಹಚ್ಚಿಬಿಟ್ಟಾರ, ಹಂಗಾಗಿ ಲಗೂ ಗೊತ್ತಾಗೂದಿಲ್ಲ. ಅದು ನಮ್ಮ ಅಜ್ಜನ ಕಾಲದ ಲ್ಯಾಂಡ್‌ಲೈನ್ ಡಬ್ಬಿ. ಉಗರಗೋಳದಾಗ ಎಲ್ಲಮ್ಮನ ಗುಡ್ಡಕ್ಕ ಹೋಗೋ ದಾರ್ಯಾಗ ನಮ್ಮ ಅಂಗಡಿ ಐತಿ. ಕಾಯಿ, ಭಂಡಾರ, ಬಳಿ ಮಾರ್ತೀವಿ. ಒಂದ್ ಕಾಲಕ್ಕ ಇಲ್ಲೇ ಎಸ್‌ಟಿಡಿ ಬೂತ್ ಇತ್ತು.

ಹೋದ ಭಾರತ ಹುಣ್ಣಿಮಿ ಜಾತ್ರ್ಯಾಗ ಏನಾತಂದ್ರ, ಗುಡ್ಡಕ್ಕ ಮಂದಿ ಸೇರಿದ್ದ ತಡ ಮೊಬೈಲ್ ನೆಟ್ ಮಲಗಿಬಿಡ್ತು. ಸಿಮ್ ಎರಡಿದ್ವು, ಎರಡೂ ಮಲಗಿದ್ವು. ಮಂದಿ ಸ್ಕ್ಯಾನ್ ಮಾಡ್ತಾರ, ಚಕ್ರ ತಿರುಗತೈತಿ, ದುಡ್ಡು ಬಂತೋ ಇಲ್ಲೋ ಗೊತ್ತಾಗೂದಿಲ್ಲ. ಅಪ್ಪ ಕಡೀಕ ನೋಟ್‌ಬುಕ್ಕಿನಾಗ ಬರಕೊಂಡು ಕೂತ. ಅವತ್ತಿನ ಲೆಕ್ಕ ಇನ್ನೂ ಪೂರಾ ಹೊಂದಿಲ್ಲ.

ಜಾತ್ರಿ ಮುಗಿದ ಮ್ಯಾಲೆ ಫೈಬರ್ ಹಾಕಸೋಣ ಅಂತ ಕರೆಸಿದ್ವಿ. ತಂತಿ ಎಳೆಯಾಕ ಬಂದ ಹುಡುಗನಿಗೆ ಅಪ್ಪ ಕೇಳಿದ: 'ಇದು ಕೆಟ್ರ ಇದ ತಂತಿ ಮ್ಯಾಲೆ ಇನ್ನೊಂದ್ ಕಂಪನಿ ನೆಟ್ ಬರೂದಿಲ್ಲೇನು?' ಆ ಹುಡುಗ ನಕ್ಕ. ನಾನೂ ನಕ್ಕೆ. ಕಾಕಾ ಮಾತ್ರ ನಗಲಿಲ್ಲ. 'ಮದಲ ಬರ್ತಿತ್ತಲೋ ತಮ್ಮಾ' ಅಂದ.

ಆ ಮಾತಿನ ಹಿಂದ ಬಿದ್ದು ಸಿಕ್ಕಿದ್ದು ಈ ಕಥಿ. ಬಿಕಾಂ ಹುಡುಗರು ನಾವು, 'ಏಕಸ್ವಾಮ್ಯ' ಅಂತ ಪುಸ್ತಕದಾಗ ಓದಿ ಪರೀಕ್ಷ್ಯಾಗ ಬರೀತೀವಿ. ಅದು ಮನಿ ಗ್ವಾಡಿ ಮ್ಯಾಲೆ ಒಂದ್ ಡಬ್ಬಿ ಆಗಿ ಕೂತಿರ್ತದ ಅಂತ ನನಗಂತೂ ಹೊಳೆದಿದ್ದಿಲ್ಲ.

(2)
ಭಾರತದಲ್ಲಿ ಸಾಮಾನ್ಯ ಜನರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಕೊಟ್ಟದ್ದು ವಿಎಸ್‌ಎನ್‌ಎಲ್, ಅಂದರೆ ವಿದೇಶ ಸಂಚಾರ ನಿಗಮ. ಮೂರು ವರ್ಷ ಅದೊಂದೇ ಅಂಗಡಿ. 1998ರ ನವೆಂಬರ್‌ನಲ್ಲಿ ಸರ್ಕಾರ ಖಾಸಗಿಯವರಿಗೂ ಬಾಗಿಲು ತೆರೆಯಿತು. ಸತ್ಯಂ ಆನ್‌ಲೈನ್ ಬಂತು, ಮಂತ್ರ ಆನ್‌ಲೈನ್ ಬಂತು. 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಕಂಪನಿಯಾಯಿತು, ಅದರ ಸಂಚಾರ್‌ನೆಟ್ ಕೂಡ ಸಾಲಿನಲ್ಲಿ ನಿಂತಿತು.

ಆಗಿನ ನೆಟ್ ಡಯಲ್-ಅಪ್. ಮೋಡೆಮ್ ಒಂದು ನಂಬರಿಗೆ ಫೋನ್ ಹಚ್ಚುತ್ತಿತ್ತು, ಆ ಕಡೆ ಕಂಪನಿಯ ಮೋಡೆಮ್ ಎತ್ತುತ್ತಿತ್ತು. ಕೀಂ... ಕರ್ರ್... ಸದ್ದು ರೀಲ್ಸ್‌ನಲ್ಲಿ ಕೇಳಿರ್ತೀರಿ. ಹೆಚ್ಚೆಂದರೆ 56 ಕೆಬಿಪಿಎಸ್. ಇವತ್ತು ನಾ ಹಾಕಿದ 3 ಎಂಬಿ ಫೋಟೋ ಒಂದು ಇಳಿಯಾಕ ಏಳು ನಿಮಿಷದ ಮ್ಯಾಲೆ ಬೇಕು. ನೆಟ್ ಹಚ್ಚಿದರೆ ಮನೆ ಫೋನ್ ಎಂಗೇಜ್. ಕಂಪನಿಗೆ ಕೊಡೋ ರೊಕ್ಕ ಬ್ಯಾರೆ, ಫೋನ್ ಕರೆಯ ಬಿಲ್ ಬ್ಯಾರೆ.

ಆದರೆ ಇಲ್ಲೊಂದು ಮಾತು ಗಮನಿಸ್ರಿ. ತಂತಿ ಯಾರದ್ದೇ ಇರಲಿ, ನೆಟ್ ಅನ್ನೋದು ಬರೀ ಒಂದು ಫೋನ್ ನಂಬರ್. ಒಂದೇ ತಂತಿ ಮೇಲೆ ಬೆಳಗ್ಗೆ ಒಂದು ಕಂಪನಿಗೆ ಡಯಲ್ ಮಾಡಬಹುದು, ಸಂಜೆ ಇನ್ನೊಂದಕ್ಕೆ. ಕಾಕಾ ಧಾರವಾಡದಾಗ ಓದುವಾಗ ಹೋಗ್ತಿದ್ದ ಕಂಪ್ಯೂಟರ್ ಸೆಂಟರ್‌ದಾಗ ಇದ್ದದ್ದು ಒಂದ ಫೋನ್, ಅಕೌಂಟ್ ಮಾತ್ರ ಎರಡು ಕಂಪನೀದು. ಒಂದು ಎಂಗೇಜ್ ಬಂದ್ರ ಇನ್ನೊಂದು. ಯಾರ ಪರವಾನಗಿಯೂ ಬೇಕಿದ್ದಿಲ್ಲ, ಹೊಸ ತಂತಿಯೂ ಬೇಕಿದ್ದಿಲ್ಲ.

(3)
ಆಮೇಲೆ ಬ್ರಾಡ್‌ಬ್ಯಾಂಡ್ ಬಂತು. ಮನುಷ್ಯನ ಮಾತು ಸಾಗಿಸಲು ಫೋನ್ ಬಳಸೋದು 3,400 ಹರ್ಟ್ಜ್ ತನಕ ಮಾತ್ರ. ತಾಮ್ರದ ತಂತಿಗೆ ಅದಕ್ಕಿಂತ ನೂರಾರು ಪಟ್ಟು ಮೇಲೆ ಹೋಗೋ ತಾಕತ್ತಿದೆ. ಎಡಿಎಸ್‌ಎಲ್ ಆ ಖಾಲಿ ಜಾಗ ಹಿಡಿಯಿತು, ಸುಮಾರು 11 ಲಕ್ಷ ಹರ್ಟ್ಜ್ ತನಕ. ಮನೆಯಲ್ಲಿ ಸ್ಪ್ಲಿಟರ್ ಅನ್ನೋ ಚಿಕ್ಕ ಡಬ್ಬಿ ಮಾತನ್ನೂ ನೆಟ್ಟನ್ನೂ ಬೇರೆ ಮಾಡುತ್ತಿತ್ತು. ಫೋನ್ ಎಂಗೇಜ್ ಆಗೋ ಕಾಟ ಹೋಯಿತು. ನೆಟ್ ಇಪ್ಪತ್ನಾಲ್ಕು ತಾಸೂ ಚಾಲೂ.

ಬೆಲೆ ಏನು ಕೊಟ್ಟೆವು? ತಂತಿಯ ಇನ್ನೊಂದು ತುದಿ ಎಕ್ಸ್‌ಚೇಂಜ್‌ನಲ್ಲಿ ಡಿಸ್ಲ್ಯಾಮ್ ಅನ್ನೋ ಯಂತ್ರಕ್ಕೆ ಸೇರಬೇಕು. ಒಂದು ಜೋಡಿ ತಂತಿ, ಒಂದು ಪೋರ್ಟ್. ಆ ಮೇಲಿನ ಜಾಗದಲ್ಲಿ ಇಬ್ಬರು ಕೂಡೋಕಾಗಲ್ಲ. ಅಲ್ಲಿಗೆ ಆಯ್ಕೆ ನಿಮ್ಮ ಡಯಲ್‌ನಿಂದ ಎದ್ದು ಎಕ್ಸ್‌ಚೇಂಜ್ ಕಟ್ಟಡದೊಳಗೆ ಹೋಗಿ ಕೂತಿತು. ಆ ಕಟ್ಟಡದ ಕೀಲಿ ಯಾರ ಹತ್ತಿರ ಇದೆಯೋ ಅವರೇ ನಿಮ್ಮ ನೆಟ್ ಕಂಪನಿ.

(4)
ಹಾಗಂತ ದಾರಿ ಇರಲೇ ಇಲ್ಲ ಅಂತಲ್ಲ. ಎರಡು ದಾರಿ ಇದ್ದವು. ಒಂದು, ತಂತಿಯ ಒಡೆಯ ಬಾಡಿಗೆ ತಗೊಂಡು ಬೇರೆ ಕಂಪನಿಗೆ ಎಕ್ಸ್‌ಚೇಂಜ್‌ನಲ್ಲಿ ಅದರದೇ ಯಂತ್ರ ಇಡಲು ಜಾಗ ಕೊಡೋದು. ಇನ್ನೊಂದು, ಯಂತ್ರವೂ ಒಡೆಯನದೇ ಇರಲಿ, ಅದರ ಮೇಲೆ ನೆಟ್ ಮಾರೋರು ಬೇರೆ ಇರಲಿ. ಎರಡನೇ ದಾರಿಯಲ್ಲಿ ನೀವು ಹಾಕೋ ಲಾಗಿನ್ ಹೆಸರೇ ನಿಮ್ಮನ್ನು ಯಾವ ಕಂಪನಿಗೆ ಕಳಿಸಬೇಕು ಅಂತ ಹೇಳುತ್ತದೆ. ಹೆಚ್ಚುಕಡಿಮೆ ಹಳೇ ಡಯಲ್-ಅಪ್ ಸ್ವಾತಂತ್ರ್ಯವೇ ವಾಪಸ್ ಬಂದಂಗ.

ಜಪಾನಿನಲ್ಲಿ ಎನ್‌ಟಿಟಿ ಕಂಪನಿಯ ತಂತಿ ಬಾಡಿಗೆಗೆ ಹಿಡಿದು ಸಾಫ್ಟ್‌ಬ್ಯಾಂಕ್‌ನವರು 2001ರಲ್ಲಿ ಯಾಹೂ ಬಿಬಿ ಶುರು ಮಾಡಿದರು, 8 ಎಂಬಿಪಿಎಸ್ ವೇಗ, ಆಗಿನ ದರ ಎಲ್ಲಾ ಮುರಿಯುವಂಥ ದರ. ಬ್ರಿಟನ್ನಿನಲ್ಲಿ ಬಿಟಿ ಕಂಪನಿ ತಂತಿ ನೋಡಿಕೊಳ್ಳೋ ವಿಭಾಗವನ್ನು 2006ರಲ್ಲಿ ಓಪನ್‌ರೀಚ್ ಅಂತ ಬೇರೆ ಮಾಡಿತು, ಎಲ್ಲ ಕಂಪನಿಗೂ ಒಂದೇ ರೀತಿ ತಂತಿ ಸಿಗಲಿ ಅಂತ.

ನಮ್ಮಲ್ಲಿ? 2004ರ ಏಪ್ರಿಲ್‌ನಲ್ಲಿ ಟ್ರಾಯ್ ಸರ್ಕಾರಕ್ಕೆ ಶಿಫಾರಸು ಕೊಟ್ಟಿತು. ಬಿಎಸ್‌ಎನ್‌ಎಲ್, ಎಂಟಿಎನ್‌ಎಲ್ ಕೈಯಲ್ಲಿದ್ದ ಸುಮಾರು 4 ಕೋಟಿ ತಾಮ್ರದ ಲೈನ್‌ಗಳನ್ನು ಬೇರೆಯವರಿಗೂ ತೆರೆಯಿರಿ ಅನ್ನೋದು ಅದರಲ್ಲಿ ಮುಖ್ಯ ಮಾತು. ಅದೇ ವರ್ಷ ಅಕ್ಟೋಬರ್ 14ಕ್ಕೆ ಬ್ರಾಡ್‌ಬ್ಯಾಂಡ್ ನೀತಿ ಹೊರಬಂತು. 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಅನ್ನಬಹುದು ಅಂತ ಬರೆದರು (ನಗಬ್ಯಾಡ್ರಿ, ಆಗ ಅದು ದೊಡ್ಡದು). ತಂತಿ ತೆರೆಯೋ ಮಾತನ್ನು ಮಾತ್ರ ಒಪ್ಪಲಿಲ್ಲ. ಕಂಪನಿಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡು ಒಪ್ಪಂದ ಮಾಡಿಕೊಳ್ಳಬಹುದು ಅಂತ ಬಿಟ್ಟರು. ಪ್ಯಾಟ್ಯಾಗ ಒಂದ ಅಂಗಡಿ ಇರೋನಿಗೆ 'ಮನಸ್ಸಿದ್ರ ಪಕ್ಕದವನಿಗೂ ಅರ್ಧ ಕಟ್ಟಿ ಕೊಡಪಾ' ಅಂದ್ರ ಅಂವ ಯಾಕ ಕೊಡ್ತಾನ, ನೀವ ಹೇಳ್ರಿ.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಶುರುವಾಯಿತು. ನಾ ಹುಟ್ಟಿದ ವರ್ಷ. ಆ ವರ್ಷದ ಕೊನೆಗೆ ದೇಶದಲ್ಲಿ 30 ಲಕ್ಷ ಬ್ರಾಡ್‌ಬ್ಯಾಂಡ್ ಗ್ರಾಹಕರು ಅನ್ನೋದು ನೀತಿಯ ಗುರಿ. ಆಗಿದ್ದು 9 ಲಕ್ಷದ ಆಸುಪಾಸು. 2010ಕ್ಕೆ 2 ಕೋಟಿ ಅಂದಿದ್ದರು, ಆಗಿದ್ದು ಸುಮಾರು 1 ಕೋಟಿ 10 ಲಕ್ಷ. ಎಲ್ಲಾ ತಪ್ಪು ತಂತಿ ತೆರೆಯದಿದ್ದಕ್ಕೇ ಅಂತ ನಾ ಹೇಳೂದಿಲ್ಲ. ಎಷ್ಟು ಮನೆಯಲ್ಲಿ ಕಂಪ್ಯೂಟರ್ ಇತ್ತು ಆಗ?

ಆ ಕಡೆಯ ವಾದವೂ ಕೇಳಿ. ತಂತಿ ಎಳೆದದ್ದು ಜನರ ದುಡ್ಡಿನಿಂದ. ಹಳ್ಳಿ ಲೈನ್ ಅಂದರೆ ಖರ್ಚು ಜಾಸ್ತಿ, ಆದಾಯ ಕಮ್ಮಿ. ಖಾಸಗಿಯವರು ಬಂದು ಬೆಂಗಳೂರು, ಹುಬ್ಬಳ್ಳಿಯ ಒಳ್ಳೇ ಲೈನ್ ಆರಿಸಿಕೊಂಡರೆ ಸವದತ್ತಿಯಂಥ ಕಡೆಯ ನಷ್ಟ ತುಂಬೋರು ಯಾರು? ಈ ಪ್ರಶ್ನೆ ಸುಳ್ಳಲ್ಲ. ನನಗನ್ನಿಸೋದು, ಮೊದಲನೇ ದಾರಿ ತೆರೆದಿದ್ದರೂ ಉಗರಗೋಳಕ್ಕೆ ಯಾವ ಕಂಪನಿಯೂ ತನ್ನ ಯಂತ್ರ ಹೊತ್ತುಕೊಂಡು ಬರುತ್ತಿರಲಿಲ್ಲ. ಎರಡನೇ ದಾರಿ ತೆರೆದಿದ್ದರೆ ಮಾತು ಬೇರೆ ಇತ್ತು. ಅದಕ್ಕೆ ಹೊಸ ಯಂತ್ರ ಬೇಕಿರಲಿಲ್ಲ, ನಷ್ಟದ ಲೈನಿಗೂ ಬಾಡಿಗೆ ಬರುತ್ತಿತ್ತು.

ಮೊಬೈಲಿಗೆ ಮಾತ್ರ ಸರ್ಕಾರ ಬೇರೆ ನ್ಯಾಯ ಮಾಡಿತು. 2011ರ ಜನವರಿ 20ರಿಂದ ದೇಶದ ತುಂಬ ನಂಬರ್ ಬದಲಿಸದೆ ಕಂಪನಿ ಬದಲಿಸೋ ಅವಕಾಶ ಬಂತು. ನಾವೆಲ್ಲ 'ಪೋರ್ಟ್' ಅಂತ ಎಷ್ಟು ಸಲೀಸಾಗಿ ಅಂತೀವಿ! ಲ್ಯಾಂಡ್‌ಲೈನ್ ಇದ್ದ ಅಜ್ಜನಿಗೆ ಆ ಶಬ್ದವೇ ಗೊತ್ತಿದ್ದಿಲ್ಲ.

(5)
ಈಗ ಕೊನೇ ಫೋಟೋ ನೋಡ್ರಿ. ನಮ್ಮ ಅಂಗಡಿ ಮುಂದಿನ ಹೆಸ್ಕಾಂ ಕಂಬ. ಕರೀ ಕೇಬಲ್ ಎಣಿಸಿದೆ, ಏಳು ಅದಾವ. ಒಂದು ತಂತಿ ಮೇಲೆ ಇಬ್ಬರು ಬರಲಿಲ್ಲ, ಒಂದು ಕಂಬದ ಮೇಲೆ ಎಲ್ಲರೂ ಬಂದರು.

ಅಪ್ಪ ಹಟ ಹಿಡಿದು ಎರಡು ಬೇರೆ ಕಂಪನಿಯ ಫೈಬರ್ ಹಾಕಿಸಿದ. ಎರಡು ಬಿಲ್ಲು. 'ಜಾತ್ರ್ಯಾಗ ಒಂದರ ನಡೀತೈತಿ' ಅಂದ. ನಡೀತೂ. ಆಮೇಲೆ ಕಬ್ಬಿನ ಸುಗ್ಗಿ ಬಂತು. ಒಂದಿನ ರಾತ್ರಿ ಎತ್ತರಕ್ಕ ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರೇಲರ್ ಜೋತಾಡೋ ಕೇಬಲ್ಲಿಗೆ ಸಿಕ್ಕು ಎಳಕೊಂಡು ಹೋತು. ಎರಡೂ ಕಂಪನೀದು, ಒಂದ ಹೊಡತಕ್ಕ. ಮರುದಿನ ನಂದು ಸ್ಕಾಲರ್‌ಶಿಪ್ ಅರ್ಜಿಗೆ ಕಡೇ ದಿನ. ಸವದತ್ತಿಗೆ ಬೈಕ್ ಮ್ಯಾಲೆ ಹೋಗಿ ಸೈಬರ್‌ದಾಗ ಸಾಲು ಹಚ್ಚಿ ಸಂಜೆ ಐದರ ಸುಮಾರಿಗೆ ತುಂಬಿ ಬಂದೆ. ಕಂಪನಿ ಎರಡು ತಗೊಂಡಿದ್ವಿ, ದಾರಿ ಒಂದೇ ಇತ್ತು. ಅಪ್ಪನೂ ಅದನ್ನ ಕೇಳಿದ್ದಿಲ್ಲ, ನಾನೂ ಕೇಳಿದ್ದಿಲ್ಲ.

ಈಗ ಒಂದನ್ನ ಹಿತ್ತಲ ಕಡೆಯ ಕಂಬದಿಂದ ತರಿಸೀವಿ. ಬನದ ಹುಣ್ಣಿಮಿಗೆ ಮತ್ತ ಮಂದಿ ಬರ್ತಾರ, ಆವಾಗ ಗೊತ್ತಾಗ್ತದ. ಹಳೇ ಡಬ್ಬಿ ಕಿತ್ತ ಬಿಡೋಣ ಅಂದ್ರ ಅಪ್ಪ ಬ್ಯಾಡ ಅಂದಾನ. ನಿಮ್ಮ ಮನ್ಯಾಗೂ ಇಂಥದು ಉಳಿದಿದ್ರ ಫೋಟೋ ಕಳಸ್ರಿ, ಸ್ಟೋರಿಗೆ ಹಾಕ್ತೀನಿ.