ಬಟ್ಟೆಯ ರೆಕ್ಕೆ: ಬೆಂಗಳೂರಿನ ಎರಡಾಸನದ ಹಗುರ ವಿಮಾನಗಳು

ಕಾರ್ಖಾನೆಯಿಂದ ಪೂರ್ಣರೂಪದಲ್ಲಿ ಹೊರಬರದೆ, ಕೊಳವೆ, ಬೋಲ್ಟು, ಹೊದಿಕೆಬಟ್ಟೆಗಳ ಬಿಡಿಭಾಗಗಳಾಗಿ ಮಾರಾಟವಾಗಿ, ಕೊಂಡವರ ಕೈಯಲ್ಲೇ ಜೋಡಣೆಗೊಳ್ಳುವ ವಿಮಾನಕ್ಕೆ ಕಿಟ್ ವಿಮಾನವೆಂದು ಹೆಸರು. ಹವ್ಯಾಸಿಗಳೇ ವಿಮಾನ ಕಟ್ಟಿಕೊಳ್ಳುವ ರೂಢಿಯು, ಫ್ರಾನ್ಸಿನ ಆನ್ರಿ ಮಿನ್ಯೆ 1933ರಲ್ಲಿ ಹಾರಿಸಿದ ಪುಟ್ಟ ವಿಮಾನದ ವಿನ್ಯಾಸ ಪ್ರಕಟವಾದ ಮೇಲೆ ಯುರೋಪಿನಲ್ಲಿ ಹಬ್ಬಿತು. ಅಮೆರಿಕದಲ್ಲಿ ಇಂಥವರ ಸಂಘವು 1953ರಲ್ಲಿ ಹುಟ್ಟಿತಲ್ಲದೆ, ನಿರ್ಮಾಣದ ಅರ್ಧಕ್ಕೂ ಹೆಚ್ಚಿನ ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕೆಂಬ ನಿಯಮವೂ ನೆಲೆಗೊಂಡಿತು.

ಕರ್ನಾಟಕದಲ್ಲಿ ಹಗುರ ವಿಮಾನದ ಆರಂಭವಾದದ್ದು ಹವ್ಯಾಸಿಯ ಕೊಟ್ಟಿಗೆಯಲ್ಲಲ್ಲ, ದೊಡ್ಡ ಕಾರ್ಖಾನೆಯಲ್ಲಿ. 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯು, ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು 1951ರಲ್ಲಿಯೂ, ಅಮೆರಿಕದ ಏರೋಂಕಾ ಚೀಫ್ ಮಾದರಿಯನ್ನು ಆಧರಿಸಿದ ಪುಷ್ಪಕವನ್ನು 1958ರಲ್ಲಿಯೂ ಹಾರಿಸಿತು. ಎರಡರಲ್ಲೂ ಆಸನಗಳು ಎರಡೇ ಆದರೂ, ಮೊದಲನೆಯದು ಪೂರ್ಣ ಲೋಹದ್ದಾಗಿದ್ದರೆ ಪುಷ್ಪಕವು ಲೋಹದ ಕೊಳವೆಯ ಹಂದರಕ್ಕೆ ಬಟ್ಟೆ ಹೊದಿಸಿದ ಒಡಲಿನದು.

ಹವ್ಯಾಸಿಗಳ ವಿದ್ಯೆ ಬೆಂಗಳೂರಿಗೆ ಬಂದದ್ದು ಸರ್ಕಾರಿ ಪ್ರಯೋಗಾಲಯದ ಮೂಲಕ. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲೇ ಕಟ್ಟುವವರಿಗಾಗಿ ರೂಪಿಸಿದ ಲಾಂಗ್-ಈಜ಼ಿ ವಿಮಾನದಲ್ಲಿ, ಹಗುರ ನೊರೆಹಲಗೆಯನ್ನು ಕಾಯಿಸಿದ ತಂತಿಯಿಂದ ಕೊಯ್ದು ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ರಾಳದಿಂದ ಅಂಟಿಸಲಾಗುತ್ತಿತ್ತು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಅದೇ ವಿನ್ಯಾಸವನ್ನಾಧರಿಸಿದ ಸಂಶೋಧನಾ ವಿಮಾನವನ್ನು 1987ರಲ್ಲಿ ಹಾರಿಸಿ, ಸಂಯುಕ್ತ ವಸ್ತುಗಳ ವಿಮಾನ ನಿರ್ಮಾಣದಲ್ಲಿ ಪಡೆದ ಅನುಭವದ ಬಲದಿಂದ ಎರಡಾಸನದ ಹಂಸವನ್ನು 1993ರ ನವೆಂಬರ್‌ನಲ್ಲಿ ಗಗನಕ್ಕೇರಿಸಿತು.

ಕಿಟ್ ವಿಮಾನವು ವೃತ್ತಿಯಾಗಿ ಬೆಳೆದದ್ದು ಜೋಯೆಲ್ ಕೊಕ್ಲಿನ್ 1980ರಲ್ಲಿ ಸ್ಥಾಪಿಸಿದ ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಸಂಸ್ಥೆಯಲ್ಲಿ. ಅದರ ಎಕ್ಸ್-ಏರ್ ವಿಮಾನದಲ್ಲಿ ಅಲ್ಯೂಮಿನಿಯಮ್ ಕೊಳವೆಗಳನ್ನು ಬೆಸುಗೆಯಿಲ್ಲದೆ ಬೋಲ್ಟಿನಿಂದಲೇ ಬಿಗಿದು, ಹಾಯಿದೋಣಿಗಳಿಗೆ ಬಳಸುವ ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆಯನ್ನು ಅಳತೆಗೆ ಹೊಲಿದು, ದಿಂಬಿಗೆ ಗವಸು ಹಾಕುವಂತೆ ರೆಕ್ಕೆಗೆ ತೊಡಿಸಲಾಗುತ್ತದೆ. ಬೆಸುಗೆಯಂಥ ಕಠಿಣ ಕೆಲಸ ಹೀಗೆ ತಪ್ಪುವುದರಿಂದಲೂ, ಹೊಲಿಗೆ ಬೆಂಗಳೂರಿನಲ್ಲೇ ಮುಗಿದಿರುವುದರಿಂದಲೂ, ಜೋಡಣೆಯು ಸಾಮಾನ್ಯ ಹವ್ಯಾಸಿಯ ಕೈಗೆಟುಕಿತು.

ಹೊಲಿಗೆ ಒಬ್ಬರದು, ಜೋಡಣೆ ಇನ್ನೊಬ್ಬರದು ಎಂಬ ಈ ಶ್ರಮವಿಭಜನೆ ರಬಕವಿ-ಬನಹಟ್ಟಿಯಂಥ ನೇಕಾರರ ಊರುಗಳಿಗೆ ಹೊಸದೆನಿಸದು. ನೂಲು ಸುತ್ತುವ, ಹಾಸು ಹೂಡುವ, ಮಗ್ಗದ ಮೇಲೆ ಹೊಕ್ಕು ಹಾಯಿಸುವ ಕೆಲಸಗಳು ಬೇರೆ ಬೇರೆ ಕೈಗಳಲ್ಲಿ ಸಾಗಿದ ಮೇಲೆಯೇ ಅಲ್ಲಿ ಸೀರೆಯೊಂದು ಸಿದ್ಧವಾಗುತ್ತದೆ. ವ್ಯತ್ಯಾಸವೆಂದರೆ, ಅಲ್ಲಿನ ಸೀರೆ ಮಗ್ಗದಿಂದ ಇಳಿಯುವಾಗಲೇ ಸೀರೆಯಾಗಿರುತ್ತದೆ. ರಫ್ತಾದ ಕಿಟ್ ಮಾತ್ರ ದೂರದೇಶದ ಹವ್ಯಾಸಿ ಕೊನೆಯ ಬೋಲ್ಟು ಬಿಗಿಯುವವರೆಗೆ ವಿಮಾನವಾಗಿರುವುದಿಲ್ಲ. ಬೆಂಗಳೂರಿನಲ್ಲಿ ಎಕ್ಸ್-ಏರ್ ಹನುಮಾನ್ ಎನಿಸಿಕೊಂಡ ಮುಂದಿನ ಮಾದರಿಯು ಬ್ರಿಟನ್ನಿನಲ್ಲಿ ಹಾಕ್, ಅಂದರೆ ಗಿಡುಗ, ಎಂಬ ಹೆಸರಿನಲ್ಲಿ ಮಾರಾಟವಾದದ್ದು, ಅದು ಅಂತಿಮವಾಗಿ ಯಾರ ಕೊಟ್ಟಿಗೆಯಲ್ಲಿ ರೂಪ ತಳೆಯಿತೆಂಬುದರ ಕುರುಹಾಗಿದೆ.